ಗೋಡೆಯ ಮೇಲೆ ಬರೆದ ರಾಜಧರ್ಮ

ಊರಿನ ಹಿರಿಮೆಯನ್ನು ಕೋಟೆ ಕೊತ್ತಲಗಳಿಂದ ಅಳೆಯುವುದು ರೂಢಿ. ಊರಾಳುವವರು ಕುಳಿತು ವಿಚಾರಿಸುವ ಮನೆಯಿಂದಲೂ ಅದನ್ನು ಅಳೆಯಬಹುದೆಂಬುದಕ್ಕೆ ಇಟಲಿಯ ಸಿಯೆನಾ ನಗರದ ಪುರಭವನವು ಉತ್ತಮ ನಿದರ್ಶನವಾಗಿದೆ.

ಅರಸನಿಲ್ಲದ ಆ ನಗರರಾಜ್ಯವನ್ನು 1287ರಿಂದ 1355ರವರೆಗೆ ಒಂಬತ್ತು ಮಂದಿಯ ಮಂಡಲಿಯು ಆಳಿತು. 1297ರಲ್ಲಿ ಈ ಭವನದ ನಿರ್ಮಾಣ ಆರಂಭವಾದುದು ಅವರ ಕಾಲದಲ್ಲಿಯೇ. ಮಂಡಲಿಯ ಸದಸ್ಯರ ಅಧಿಕಾರಾವಧಿ ಎರಡೇ ತಿಂಗಳು. ಅಷ್ಟು ದಿನವೂ ಮನೆಮಾರುಗಳನ್ನು ತೊರೆದು ಭವನದಲ್ಲಿಯೇ ವಾಸಿಸಬೇಕೆಂಬುದು ಕಟ್ಟಳೆ.

ಭವನದ ಕೆಳ ಅಂತಸ್ತು ಕಲ್ಲಿನದು, ಮೇಲಿನದು ಕೆಂಪು ಇಟ್ಟಿಗೆಯದು. ಮೇಲಂತಸ್ತಿನ ಕಿಟಕಿಗಳನ್ನು ತೆಳುಗಂಬಗಳು ಮೂರು ಮೂರು ಕಮಾನುಗಳಾಗಿ ವಿಭಾಗಿಸಿವೆ. ಇದಿರಿನ ಇಟ್ಟಿಗೆ ಹಾಸಿದ ವಿಶಾಲ ಬಯಲನ್ನು ಬಿಳಿಗಲ್ಲಿನ ಗೆರೆಗಳು ಒಂಬತ್ತು ಪಾಲು ಮಾಡಿ ಆ ಒಂಬತ್ತು ಮಂದಿಯನ್ನು ಸ್ಮರಿಸುತ್ತವೆ. ಪಕ್ಕದಲ್ಲಿ 1338ರಿಂದ 1348ರವರೆಗೆ ಕಟ್ಟಿದ, ಸುಮಾರು 88 ಮೀಟರು ಎತ್ತರದ ಗೋಪುರವಿದೆ. ಅದಕ್ಕೆ ಅಂಟಿದ ಹೆಸರು ಯಾವ ಅಧಿಪತಿಯದೂ ಅಲ್ಲ. ಗಳಿಸಿದ್ದನ್ನೆಲ್ಲ ತಿಂದು ಕಳೆಯುತ್ತಿದ್ದ ಗಂಟೆಯಾಳೊಬ್ಬನ ಅಡ್ಡಹೆಸರು, 'ಮಾಂಜಾ'!

ಆದರೆ ನಮ್ಮ ಮನಸ್ಸನ್ನು ಸೆರೆಹಿಡಿಯುವುದು ಒಂಬತ್ತು ಮಂದಿ ಸಭೆ ಸೇರುತ್ತಿದ್ದ ಒಳಕೋಣೆ. ಅದರ ಮೂರು ಗೋಡೆಗಳ ಮೇಲೆ ಅಂಬ್ರೋಜಿಯೊ ಲೊರೆಂಜೆಟ್ಟಿ ಎಂಬ ಕಲಾವಿದನು 1338–39ರಲ್ಲಿ ಸದಾಡಳಿತ ದುರಾಡಳಿತಗಳನ್ನು ಚಿತ್ರಿಸಿದನು. ಒಂದೆಡೆ ನ್ಯಾಯದೇವಿಯ ತಕ್ಕಡಿಯಿಂದ ಇಳಿದ ಹುರಿಗಳನ್ನು ಐಕಮತ್ಯವು ಹೆಣೆದು ಇಪ್ಪತ್ತನಾಲ್ಕು ನಾಗರಿಕರ ಕೈಗೆ ಕೊಡುತ್ತಿದೆ. ಆಕೆಯ ಮಡಿಲಲ್ಲಿರುವುದು ಖಡ್ಗವಲ್ಲ, ಏರುತಗ್ಗುಗಳನ್ನು ಸಮಮಾಡುವ ಬಡಗಿಯ ಉಜ್ಜುಗೊರಡು. ಮತ್ತೊಂದು ಗೋಡೆಯಲ್ಲಿ ಅದರ ಫಲ: ಮನೆ ಕಟ್ಟುವವರು, ಪಾಠ ಹೇಳುವ ಉಪಾಧ್ಯಾಯ, ಕುಣಿಯುವ ತರುಣಿಯರು, ಊರಾಚೆ ಉಳುವ ರೈತರು. ಇನ್ನೊಂದು ಗೋಡೆಯಲ್ಲಿ ಕೊಂಬುಳ್ಳ ದಬ್ಬಾಳಿಕೆಯ ಕಾಲಬಳಿ ನ್ಯಾಯವು ಕಟ್ಟುವಡೆದು ಬಿದ್ದಿದೆ, ಹೊಲಗಳು ಪಾಳು.

ತಲೆಯೆತ್ತಿದರೆ ತಮ್ಮ ನಿರ್ಣಯದ ಫಲವೇ ಕಣ್ಣಿಗೆ ಬೀಳುವಂತೆ ಮಾಡಿಕೊಂಡ ಆ ಜನರ ವಿವೇಕ ದೊಡ್ಡದು. ಆದರೂ ವಿವೇಕವು ವಿಧಿಯನ್ನು ತಡೆಯಲಿಲ್ಲ. 1348ರ ಮಹಾಮಾರಿಯಲ್ಲಿ ನಗರದ ಬಹುಜನ ಅಳಿದರು. 1355ರ ದಂಗೆಯಲ್ಲಿ ಒಂಬತ್ತು ಮಂದಿಯ ಆಳಿಕೆಯೂ ಅಂತ್ಯಗೊಂಡಿತು.

ಚಿತ್ರ ಮಾತ್ರ ಉಳಿಯಿತು. ಕಾಲವಶದಿಂದ ಹೆಚ್ಚು ಕೆಟ್ಟಿರುವುದು ದುರಾಡಳಿತದ ಗೋಡೆ. ಮಾಸಿದರೂ ಅದನ್ನು ನೋಡದೆ ದಾಟಲಾಗದು. ಒಂದು ಮನೆಯ ಹೊಣೆಯಾಗಲಿ, ಒಂದು ಊರಿನ ಹೊಣೆಯಾಗಲಿ, ಹೊತ್ತವರು ಕುಳಿತಲ್ಲಿ ಇಂಥ ಎರಡು ಗೋಡೆಗಳೂ ಕಾಣುತ್ತಿರಬೇಕೆಂಬುದು ನಮ್ಮ ಅಭಿಮತ.