ಹಗ್ಗದ ಇನ್ನೊಂದು ತುದಿ

ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯವರಿಗೆ ಬೆಟ್ಟವೆಂಬುದು ಹೊಸದಲ್ಲ. ಏಕಶಿಲಾ ಬೆಟ್ಟ, ಮಿಡಿಗೇಶಿಯ ದುರ್ಗ, ಸಿದ್ಧರಬೆಟ್ಟ, ಪಾವಗಡದ ಕೋಟೆಬೆಟ್ಟ ಇವುಗಳ ನೆರಳಿನಲ್ಲಿಯೇ ನಮ್ಮ ಮಕ್ಕಳು ಆಡಿ ಬೆಳೆದವರು. (ಶಿರಾದ ಓದುಗರು ಮುನಿಸಿಕೊಳ್ಳಬಾರದು; ಅವರಿಗೆ ಬಯಲಿನ ಕೋಟೆಯಿದೆ.) ಆದರೆ ಹಿಮವೆಂಬುದು ನಮಗೆ ಚಿತ್ರದಲ್ಲಿ ಕಂಡ ವಸ್ತು. ಹೀಗಿರಲು, ಈ ಬರದ ಸೀಮೆಯ ಹುಡುಗಿಯೊಬ್ಬಳು ಹಿಮಪರ್ವತ ಏರಲು ಹೊರಟಿದ್ದಾಳೆಂಬ ಸುದ್ದಿ, ಭಾನುವಾರದ ಬಲಿಪೂಜೆ ಮುಗಿಸಿ ಬರುತ್ತಿದ್ದ ನಮ್ಮನ್ನು ದೇವಾಲಯದ ಅಂಗಳದಲ್ಲಿಯೇ ತಡೆದು ನಿಲ್ಲಿಸಿತು.

ಸುದ್ದಿ ತಂದವರು ಹುಡುಗಿಯ ತಾಯಿ. “ಮೇಷ್ಟ್ರೇ, ನಿಮ್ಮ ಕೈಲಿ ಓದಿದವಳು. ನೀವೇ ಒಂದು ಮಾತು ಹೇಳಿ. ನಮ್ಮ ಮಾತು ಕೇಳೋ ಹಾಗಿಲ್ಲ” ಎಂದರು. ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಮನಾಲಿಯ ಬಳಿ ಫ್ರೆಂಡ್‌ಶಿಪ್ ಎಂಬ ಶಿಖರವಿದೆ. ಎತ್ತರ 5,289 ಮೀಟರ್. ಮಾರ್ಗದರ್ಶಕರೊಡನೆ ಹತ್ತಿಸುವ ತಂಡವೊಂದಕ್ಕೆ ಹೆಸರು ಕೊಟ್ಟು, ಮುಂಗಡ ಹಣವನ್ನೂ ಕಟ್ಟಿಬಿಟ್ಟಿದ್ದಾಳೆ. ತಂದೆ ಒಂದು ವಾರದಿಂದ ಅವಳೊಡನೆ ದೂರವಾಣಿಯಲ್ಲಿ ಮಾತನಾಡಿಲ್ಲ.

ಒಮ್ಮೆಗೇ ‘ಬೇಡ’ ಎಂದು ಹೇಳಿಬಿಡುವುದು ಸುಲಭ. ಹಾಗೆ ಹೇಳುವ ಮೊದಲು ವಿಷಯವೇನೆಂದು ತಿಳಿದುಕೊಳ್ಳೋಣವೆಂದು ನಾವು ಹುಡುಗಿಯನ್ನೇ ಕರೆಸಿ ಕೇಳಿದೆವು. ಅವಳು ಹೇಳಿದ್ದನ್ನೂ, ನಾವು ಓದಿ ತಿಳಿದದ್ದನ್ನೂ ಇಲ್ಲಿ ಕೊಡುತ್ತಿದ್ದೇವೆ. ಇಂದು ಇನ್ನೊಂದು ಮನೆಯಲ್ಲಿ ಎದ್ದಿರುವ ಪ್ರಶ್ನೆ ನಾಳೆ ನಮ್ಮ ಮನೆಯಲ್ಲಿಯೂ ಏಳಬಹುದು.

ನಮ್ಮ ಮಧುಗಿರಿ ಬೆಟ್ಟದ ಎತ್ತರ ಸುಮಾರು 1,193 ಮೀಟರ್. ಆ ಶಿಖರ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸುವೇ ಹೆಚ್ಚು; ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಅಷ್ಟೇ. ದೇಹ ಇದಕ್ಕೆ ನಿಧಾನವಾಗಿ ಒಗ್ಗಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದೆಂದು ವೈದ್ಯರು ಹೇಳುತ್ತಾರೆ. ತಲೆನೋವು, ವಾಕರಿಕೆ, ನಡಿಗೆಯಲ್ಲಿ ತಡವರಿಕೆ ಕಂಡರೆ ಕೆಳಗಿಳಿಯುವುದೇ ಮೊದಲ ಚಿಕಿತ್ಸೆ. ಗಟ್ಟಿಮುಟ್ಟಾದ ಯುವಕರನ್ನೂ ಈ ಕಾಯಿಲೆ ಬಿಡುವುದಿಲ್ಲ. ‘ನಮ್ಮ ಹುಡುಗ ದಿನಾ ಓಡುತ್ತಾನೆ, ಅವನಿಗೇನಾಗುತ್ತದೆ’ ಎಂಬ ಭರವಸೆ ಅಲ್ಲಿ ನಡೆಯದು.

ಇನ್ನು ಹಿಮನದಿ. ಮೇಲಿನಿಂದ ನೋಡಿದರೆ ಬಿಳಿಯ ಬಯಲು. ಒಳಗೆ ಮಾತ್ರ ಅದು ತನ್ನ ಭಾರದಿಂದಲೇ ಅಂಗುಲ ಅಂಗುಲವಾಗಿ ಕೆಳಗೆ ಜರುಗುತ್ತಿರುವ ಮಂಜುಗಡ್ಡೆ. ಜರುಗುವಾಗ ಆಳವಾದ ಬಿರುಕುಗಳು ಬೀಳುತ್ತವೆ. ಹೊಸ ಹಿಮ ಬಿದ್ದು ಅವುಗಳ ಬಾಯನ್ನು ಮುಚ್ಚಿಬಿಡುತ್ತದೆ. ಆದುದರಿಂದಲೇ ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತಾರೆ. ಒಬ್ಬರು ಕುಸಿದರೆ ಉಳಿದವರು ಹಿಮಕೊಡಲಿಯನ್ನು ನಾಟಿ ತಡೆಯಬೇಕು. ಬೂಟಿನ ಅಡಿಗೆ ಉಕ್ಕಿನ ಮುಳ್ಳಟ್ಟೆಯನ್ನು ಬಿಗಿಯುತ್ತಾರೆ; ಕ್ರಾಂಪಾನ್ ಎಂದು ಅದರ ಹೆಸರು. ಹೊರಡುವುದು ನಡುರಾತ್ರಿಯಲ್ಲಿ. ಬಿಸಿಲೇರಿದರೆ ಹಿಮ ಸಡಿಲವಾಗಿ ಕಾಲು ಹೂತುಹೋಗುತ್ತದೆ, ಮೇಲಿನಿಂದ ಕಲ್ಲು ಉರುಳುತ್ತದೆ. ಇಷ್ಟು ಗಂಟೆಯೊಳಗೆ ತುದಿ ಮುಟ್ಟದಿದ್ದರೆ ಅದು ಕಣ್ಣೆದುರಿಗಿದ್ದರೂ ಹಿಂದಿರುಗಬೇಕೆಂಬ ನಿಯಮವನ್ನು ಮೊದಲೇ ಮಾಡಿರುತ್ತಾರೆ. ಆ ಗಳಿಗೆಯಲ್ಲಿ ಮಾರ್ಗದರ್ಶಕನ ಮಾತೇ ಕೊನೆಯ ಮಾತು. ಹಣ ಕೊಟ್ಟವರೆಂದು ಅವನೆದುರು ವಾದಿಸುವವರಿಗೆ ಬೆಟ್ಟ ತಕ್ಕುದಲ್ಲ ಎಂಬುದು ನಮ್ಮ ಅಭಿಪ್ರಾಯ.

ಇದೆಲ್ಲ ದೇವಭಕ್ತರಿಗೆ ಹೇಳಿದ್ದಲ್ಲ ಎಂದು ಹುಡುಗಿಯ ಅಜ್ಜಿ ಗೊಣಗಿದರಂತೆ. ಅವರಿಗೆ ನಾವು ಒಂದು ಹಳೆಯ ಸಂಗತಿಯನ್ನು ತಿಳಿಸಿದೆವು. 1889ರ ಜುಲೈ ತಿಂಗಳಲ್ಲಿ ಮಿಲಾನ್ ನಗರದ ಅಂಬ್ರೋಸಿಯನ್ ಗ್ರಂಥಾಲಯದಲ್ಲಿ ಸೇವೆಯಲ್ಲಿದ್ದ 32 ವರ್ಷದ ಗುರುವೊಬ್ಬರು ಇನ್ನೊಬ್ಬ ಗುರುವಿನೊಡನೆ, ಗಡಿನ್ ಮತ್ತು ಪ್ರೊಮೆಂಟ್ ಎಂಬ ಇಬ್ಬರು ಮಾರ್ಗದರ್ಶಕರ ಹಗ್ಗ ಹಿಡಿದು, ಆಲ್ಪ್ಸ್ ಪರ್ವತಗಳಲ್ಲಿನ ಮಾಂಟೆ ರೋಸಾದ 4,634 ಮೀಟರ್ ಎತ್ತರದ ತುದಿಯನ್ನು ಅದರ ಕಡಿದಾದ ಪೂರ್ವ ಮುಖದಿಂದ ಏರಿದರು. ತುದಿ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಇಳಿಯುವುದು ಅಪಾಯವೆಂದು, ಬಂಡೆಯ ಕಿರಿದಾದ ಅಂಚಿನಲ್ಲಿ ನಿದ್ದೆಯಿಲ್ಲದೆ, ಕಾಲು ಮರಗಟ್ಟದಂತೆ ನೆಲಕ್ಕೆ ತುಳಿಯುತ್ತ ನಾಲ್ವರೂ ರಾತ್ರಿ ಕಳೆದರು. ಮರುದಿನ ಹಿಮದ ಕಣಿವೆಯೊಂದನ್ನು ದಾಟಿ ಜರ್ಮಾಟ್ ಕಡೆಗೆ ಇಳಿದರು. ಆ ಗುರುವಿನ ಹೆಸರು ಅಕಿಲ್ಲೆ ರಾಟ್ಟಿ. 1922ರಲ್ಲಿ ಅವರೇ ಹನ್ನೊಂದನೆಯ ಪಯಸ್ ಎಂಬ ಹೆಸರಿನಿಂದ ಜಗದ್ಗುರುಗಳಾದರು. ಮರುವರ್ಷ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕರೆಂದು ಸಾರಿದವರೂ ಅವರೇ. 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಟೂರಿನ್ನಿನ ಯುವಕ ಪಿಯೆರ್ ಜಾರ್ಜಿಯೋ ಫ್ರಸ್ಸಾತಿ ಕೂಡ ಬೆಟ್ಟಗಳನ್ನೇರಿದವರು. ಅಜ್ಜಿ ಕೇಳಿದ್ದು ಒಂದೇ ಮಾತು: “ಅವರಮ್ಮ ಏನಂದ್ರಂತೆ?” ನಮ್ಮಲ್ಲಿ ಉತ್ತರವಿರಲಿಲ್ಲ.

ನಮ್ಮ ನಾಡಿನ ಹೆಣ್ಣುಮಕ್ಕಳೂ ಹಿಂದೆ ಬಿದ್ದಿಲ್ಲ. ಹುಬ್ಬಳ್ಳಿಯ ನಂದಿತಾ ನಾಗನಗೌಡರ 2016ರಲ್ಲಿ ಎವರೆಸ್ಟ್ ಶಿಖರವನ್ನೇರಿದರು. ಆದರೆ ಕಹಿಯಾದುದನ್ನು ಮುಚ್ಚಿಟ್ಟು ಸಿಹಿಯನ್ನಷ್ಟೇ ಹೇಳಿದರೆ ತಾಯಂದಿರಿಗೆ ಮೋಸ ಮಾಡಿದಂತೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ದ್ರೌಪದಿ ಕಾ ದಾಂಡಾ ಎಂಬ ಪರ್ವತದಲ್ಲಿ ಹಿಮಪಾತಕ್ಕೆ ಸಿಕ್ಕಿ ಕನಿಷ್ಠ 27 ಮಂದಿ ಮೃತಪಟ್ಟರು. ಅವರು ತರಬೇತಿ ಪಡೆಯುತ್ತಿದ್ದವರು ಮತ್ತು ತರಬೇತಿ ಕೊಡುತ್ತಿದ್ದವರು. 2024ರ ಜೂನ್ ಮೊದಲ ವಾರದಲ್ಲಿ ಸಹಸ್ರತಾಲ್ ಹಾದಿಯಲ್ಲಿ 22 ಮಂದಿಯ ತಂಡ ಹಿಂದಿರುಗುವಾಗ ಹಿಮಗಾಳಿಗೆ ಸಿಲುಕಿತು. ಒಂಬತ್ತು ಮಂದಿ ಚಳಿಯಲ್ಲಿ ಪ್ರಾಣಬಿಟ್ಟರು. ಆ ತಂಡದ ಹೆಚ್ಚಿನವರು ನಮ್ಮ ಕರ್ನಾಟಕದವರು. ಆ ದಾರಿಯಲ್ಲಿ ಹಗ್ಗ ಹಾಕುವಂತಹ ಕಡಿದಾದ ಏರೂ ಇರಲಿಲ್ಲ, ಕೊಂದದ್ದು ಹವೆ. ಈ ಸುದ್ದಿಯ ಕತ್ತರಿಕೆಯನ್ನು ಹುಡುಗಿಯ ತಂದೆ ತಮ್ಮ ಜೇಬಿನಲ್ಲಿಯೇ ಇಟ್ಟುಕೊಂಡು ತಿರುಗುತ್ತಿದ್ದರು.

ಇನ್ನೊಂದು ಮಾತು, ಪಾವಗಡದವರಿಗಾಗಿ. ಲಡಾಖಿನಲ್ಲಿ ಸ್ಟೋಕ್ ಕಾಂಗ್ರಿ ಎಂಬ ಆರು ಸಾವಿರ ಮೀಟರಿಗೂ ಎತ್ತರದ ಪ್ರಸಿದ್ಧ ಶಿಖರವಿದೆ. ಅದರ ಹಿಮನದಿಯೇ ಸ್ಟೋಕ್ ಗ್ರಾಮದ ಕುಡಿಯುವ ನೀರು, ಹೊಲದ ನೀರು. ಹಿಮ ಕರಗುತ್ತ ಬಂದುದರಿಂದಲೂ ಜನಸಂದಣಿಯ ಕಸದಿಂದಲೂ ಬೇಸತ್ತ ಗ್ರಾಮಸ್ಥರು 2020ರಲ್ಲಿ ಶಿಖರದ ದಾರಿಯನ್ನೇ ಮುಚ್ಚಿದರು. ಆದಾಯ ಬಿಟ್ಟು ನೀರು ಉಳಿಸಿಕೊಂಡ ಆ ಜನರ ಸಂಕಟ ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಒಂದು ಶನಿವಾರ ತಂದೆ, ಮಗಳು ಮತ್ತು ನಾವು ಮಧುಗಿರಿ ಬೆಟ್ಟಕ್ಕೆ ಹೊರಟೆವು. ಬೆನ್ನಿನ ಚೀಲಕ್ಕೆ ಹತ್ತು ಕಿಲೋ ಅಕ್ಕಿ ತುಂಬಿಕೊಂಡು ಹತ್ತುವುದು ಅವಳ ಅಭ್ಯಾಸ. ಕೋಟೆಯ ಬಾಗಿಲುಗಳನ್ನು ದಾಟುವವರೆಗೆ ತಂದೆ ಒಂದು ಮಾತೂ ಆಡಲಿಲ್ಲ. ಮೇಲೆ, ಬರಿಯ ಬಂಡೆಯಲ್ಲಿ ಉಳಿಯಿಂದ ಕಡಿದ ಮೆಟ್ಟುಗುಳಿಗಳಲ್ಲಿ ಕಾಲಿಟ್ಟು, ಕಬ್ಬಿಣದ ಕಂಬಿ ಹಿಡಿದು ಹೋಗಬೇಕಾದ ಕಡೆ ನಮಗೆ ಏದುಸಿರು ಬಂದು ಕುಳಿತುಬಿಟ್ಟೆವು. ತಂದೆಗೆ ಹುರುಪು ಬಂದಿತ್ತು. ಗೋಪಾಲಕೃಷ್ಣ ಗುಡಿಯ ಅವಶೇಷ ನೋಡದೆ ಇಳಿಯುವುದಿಲ್ಲವೆಂದರು. ಅಷ್ಟರಲ್ಲಿ ಪಡುವಣ ದಿಕ್ಕಿನಲ್ಲಿ ಮೋಡ ಕಪ್ಪಿಟ್ಟಿತು.

“ಅಪ್ಪಾ, ಇಳಿಯೋಣ” ಎಂದಳು ಮಗಳು.

“ಇನ್ನೇನು, ಹತ್ತು ನಿಮಿಷ ಕಣಮ್ಮ.”

“ಬಂಡೆ ಒದ್ದೆಯಾದ್ರೆ ಮೇಷ್ಟ್ರನ್ನ ಇಳಿಸೋಕಾಗೋಲ್ಲ. ಗುಡಿ ಎಲ್ಲಿಗೂ ಹೋಗೋಲ್ಲ.” ಅವಳ ದನಿಯಲ್ಲಿ ಬೇಡಿಕೆಯಿರಲಿಲ್ಲ.

ತಂದೆ ಮೋಡವನ್ನೊಮ್ಮೆ, ಮಗಳನ್ನೊಮ್ಮೆ ನೋಡಿ ತಿರುಗಿದರು. ಕೆಳಗಿನ ಬಾಗಿಲು ಸೇರುವ ಮೊದಲೇ ಮಳೆ ಸುರಿಯಿತು. ಬಸ್ ನಿಲ್ದಾಣದ ಬಳಿ ಚಹಾ ಕುಡಿಯುವಾಗ ಅವರು ಜೇಬಿನಿಂದ ತೆಗೆದ ಸುದ್ದಿಯ ಕತ್ತರಿಕೆ ನೆನೆದು ಮುದ್ದೆಯಾಗಿತ್ತು. ಅದನ್ನು ಬಿಡಿಸಲು ಹೋಗದೆ, ಉಳಿದ ಹಣ ಯಾವಾಗ ಕಟ್ಟಬೇಕೆಂದು ಮಗಳನ್ನು ಕೇಳಿದರು.

ತಾಯಿ ಇನ್ನೂ ಒಪ್ಪಿಲ್ಲ. ಆದರೆ ಕಳೆದ ಭಾನುವಾರ ಉಣ್ಣೆಯ ಕಾಲುಚೀಲ ತುಮಕೂರಿನಲ್ಲಿ ಎಲ್ಲಿ ಸಿಗುತ್ತದೆಂದು ನಮ್ಮ ಮನೆಯವರನ್ನು ವಿಚಾರಿಸುತ್ತಿದ್ದರು.