ಹವಳದ ಟ್ಯಾಂಕ್: ಗಾತ್ರ ನೋಡಿ ಖನಿಜ ಹಾಕುವುದಲ್ಲ

‘ಹೊಸಬರು ಚಿಕ್ಕ ಟ್ಯಾಂಕ್ ಇಟ್ಟುಕೊಳ್ಳಿ, ನಿಭಾಯಿಸುವುದು ಸುಲಭ.’ ಹವಳದ ಮಟ್ಟಿಗೆ ಈ ಮಾತು ತಲೆಕೆಳಗು. ಚಿಕ್ಕದಕ್ಕೆ ಖರ್ಚು ಕಡಿಮೆ, ಅಷ್ಟೇ. ಹಲಗೂರಿನ ಏಪ್ರಿಲ್ ಸೆಕೆಯಲ್ಲಿ, ತಿರುಗುವ ಫ್ಯಾನಿನ ಕೆಳಗೆ, 40 ಲೀಟರಿನಲ್ಲಿ ಒಂದು ಲೀಟರ್ ಆವಿಯಾಯಿತು ಎನ್ನಿ. ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಸಾವಿರಕ್ಕೆ 35ರಷ್ಟಿದ್ದ ಲವಣಾಂಶ 36ರ ಹತ್ತಿರ ಬರುತ್ತದೆ. 400 ಲೀಟರಿನ ಟ್ಯಾಂಕಿನಿಂದ ಆವಿ ಇನ್ನೂ ಹೆಚ್ಚೇ ಹೋಗುತ್ತದೆ, ಆದರೆ ಆಳವಿರುವುದರಿಂದ ಏರಿಳಿತ ನಿಧಾನ. ಎರಡರಲ್ಲೂ ಕಡಿಮೆಯಾದಷ್ಟನ್ನು ತುಂಬಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರಿನಿಂದ.

ಇದಕ್ಕಿಂತ ಹೆಚ್ಚು ಹವಳ ಕೊಲ್ಲುವ ನಂಬಿಕೆ ಇನ್ನೊಂದಿದೆ: ‘ದಿನಕ್ಕೆ ಇಷ್ಟು ಲೀಟರಿಗೆ ಇಷ್ಟು ಎಂ.ಎಲ್. ಹಾಕಿದರಾಯಿತು.’ ಖನಿಜ ತಿನ್ನುವುದು ಗಾಜಿನ ಪೆಟ್ಟಿಗೆಯಲ್ಲ, ಹವಳ. ಅದರ ಅಸ್ಥಿಪಂಜರ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕಟ್ಟುವಾಗ ಕ್ಷಾರೀಯತೆ ಒಂದು ಡಿಕೆಎಚ್ (ಅದನ್ನು ಅಳೆಯುವ ಮಾನ) ಇಳಿದರೆ ಕ್ಯಾಲ್ಸಿಯಂ ಲೀಟರಿಗೆ ಸುಮಾರು 7 ಮಿಲಿಗ್ರಾಂ ಇಳಿಯುತ್ತದೆ. ಗಟ್ಟಿ ಹವಳ ತುಂಬಿದ 100 ಲೀಟರಿನ ಟ್ಯಾಂಕ್, ಬರೀ ಮೆದು ಹವಳವಿರುವ 400 ಲೀಟರಿಗಿಂತ ಹೆಚ್ಚು ಖನಿಜ ಬೇಡಬಹುದು. ಹಾಗಾಗಿ ಮೊದಲು ಕ್ಷಾರೀಯತೆ ಅಳೆಯಿರಿ. ಎರಡು ಮೂರು ದಿನ ಏನೂ ಹಾಕದೆ, ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಇಳಿದದ್ದನ್ನು ದಿನಗಳಿಂದ ಭಾಗಿಸಿದರೆ ಸಿಗುವುದೇ ನಿಮ್ಮ ಟ್ಯಾಂಕಿನ ದಿನದ ಬೇಡಿಕೆ.

ಗಾತ್ರ ಲೆಕ್ಕಕ್ಕೆ ಬರುವುದು ಆಮೇಲೆ. ಒಂದು ಟೀ ಚಮಚ ಅಡುಗೆ ಸೋಡ ಸುಮಾರು 5 ಗ್ರಾಂ. 400 ಲೀಟರಿನಲ್ಲಿ ಅದು ಕ್ಷಾರೀಯತೆಯನ್ನು 0.4 ಡಿಕೆಎಚ್ ಏರಿಸುತ್ತದೆ. 40 ಲೀಟರಿನಲ್ಲಿ ಅದೇ ಚಮಚ 4ಕ್ಕೂ ಮೇಲೆ ಎತ್ತುತ್ತದೆ. ಸಮುದ್ರದಲ್ಲಿ ಇರುವುದೇ ಸುಮಾರು 7. ಇಂಥ ದಿಢೀರ್ ಏರಿಕೆಗೆ ಗಟ್ಟಿ ಹವಳದ ಅಂಗಾಂಶ ಸುಲಿದುಹೋಗುತ್ತದೆ. ಲೀಟರ್ ಲೆಕ್ಕವೂ ನಿಜದ ನೀರಿನದ್ದಾಗಿರಲಿ. 60×45×45 ಸೆಂ.ಮೀ. ಪೆಟ್ಟಿಗೆ ಕಾಗದದ ಮೇಲೆ 121 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನೂರಕ್ಕೂ ಕಡಿಮೆ ಉಳಿಯಬಹುದು.

‘ವಾರಕ್ಕೆ 10% ನೀರು ಬದಲಿಸಿದರೆ ಸಾಕು’ ಎನ್ನುವವರೂ ಇದ್ದಾರೆ. ವಾರದಲ್ಲಿ 3 ಡಿಕೆಎಚ್ ಇಳಿದಿದ್ದರೆ ಅದರಿಂದ ಮರಳುವುದು 0.3 ಮಾತ್ರ, ಟ್ಯಾಂಕ್ ಎಷ್ಟೇ ದೊಡ್ಡದಿರಲಿ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಕ್ಯಾಲ್ಸಿಯಂ ಇದ್ದೇ ಇರುತ್ತದಲ್ಲ ಎಂಬ ವಾದ ಕೇಳಲು ಚೆಂದ. ಆದರೆ ಅದರ ಜೊತೆ ನೈಟ್ರೇಟ್, ಸಿಲಿಕೇಟ್‌ಗಳೂ ಬಂದು ಪಾಚಿ ಮುತ್ತುತ್ತದೆ. ಆರ್‌ಒ ನೀರನ್ನು ಉಳಿದ ಅಯಾನುಗಳನ್ನು ಹಿಡಿಯುವ ಡಿಐ ರಾಳದಲ್ಲೂ ಹಾಯಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆ ಬಳಸಿ. ಕಲ್ಲುಪ್ಪು ಕೂಡ ಸಮುದ್ರದ್ದೇ ಎಂದು ಹಾಕಬೇಡಿ. ಉಪ್ಪಿನ ಗದ್ದೆಯಲ್ಲಿ ಹರಳಾಗುವುದು ಹೆಚ್ಚಾಗಿ ಸೋಡಿಯಂ ಕ್ಲೋರೈಡ್. ಮೆಗ್ನೀಸಿಯಂ ಬಹುಪಾಲು ಉಳಿದ ಕಹಿನೀರಿನ ಜೊತೆ ಹೊರಹೋಗಿರುತ್ತದೆ. ಹವಳಕ್ಕೆ ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ ಬೇಕು.

ಕೊನೆಯದು ಕಾನೂನಿನ ವಿಷಯ. ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ಒಂದು ತುಂಡು ತಂದರೇನು ಎಂದು ಕೇಳುವವರುಂಟು. ಖಂಡಿತ ಕೂಡದು. ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವ ಅದೇ ಪಟ್ಟಿ. ಕಾಗದಪತ್ರ ತೋರಿಸದ ಮಾರಾಟಗಾರರಿಂದ ಏನನ್ನೂ ಕೊಳ್ಳಬೇಡಿ. ಚಿಕ್ಕ ಟ್ಯಾಂಕೇ ಬೇಕೆನಿಸಿದರೆ, ಟ್ಯಾಂಕಿನಲ್ಲೇ ಬೆಳೆಸಿದ ಮಶ್ರೂಮ್ ಹವಳ ಇಡಿ. ಅದಕ್ಕೆ ಅಸ್ಥಿಪಂಜರವಿಲ್ಲ, ಹಾಗಾಗಿ ನೀರು ಬದಲಿಸುವಾಗ ಬರುವ ಖನಿಜವೇ ಸಾಕಾಗುತ್ತದೆ.