ಕುದುರೆಗೆ ಎರಡು ಬಿಂದಿಗೆ

ರಾಯದುರ್ಗ, ಮಡಕಶಿರದ ಕಡೆಯವರಿಗೆ ಸಮುದ್ರ ದೂರ. ನಮ್ಮಲ್ಲಿ ನೀರಿನ ದೊಡ್ಡ ಅಳತೆ ಟ್ಯಾಂಕರ್, ಸಣ್ಣದು ಬಿಂದಿಗೆ. ಟ್ರ್ಯಾಕ್ಟರ್ ಎಳೆದು ತರುವ ಟ್ಯಾಂಕರ್ ಅಂದರೆ 5,000 ಲೀಟರ್, ಬಿಂದಿಗೆ ಅಂದರೆ ಸುಮಾರು 15. ಹಳೆಯ ಉಗಿಹಡಗುಗಳನ್ನೂ ಇದೇ ಅಳತೆಯಲ್ಲಿ ಅಳೆಯೋಣ.

1914ರ ಅಕ್ಟೋಬರ್ 13. ಮಡಕಶಿರದ ಗಡಿಗೆ ತಾಗಿದ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳ ಮೊದಲ ಮಹಾಯುದ್ಧಕ್ಕೆ ಹೊರಟಿತು. ಬಿ. ಚಾಮರಾಜ ಅರಸರ ಮುಂದಾಳ್ತನದಲ್ಲಿ 29 ಅಧಿಕಾರಿಗಳು, 444 ಸೈನಿಕರು, 132 ಪರಿಚಾರಕರು. 526 ಕುದುರೆ, 49 ಹೇಸರಗತ್ತೆ. ಅವರ ಸಮುದ್ರದ ದಾರಿ ಮುಂಬೈಯಿಂದ ಸೂಯೆಜ್‌ಗೆ, ಸುಮಾರು 3,000 ನಾಟಿಕಲ್ ಮೈಲಿ. ಗಂಟೆಗೆ ಹತ್ತರಂತೆ ಸಾಗಿದರೂ 12 ದಿನ ಬೇಕು.

ಕುದುರೆಯೊಂದಕ್ಕೆ ದಿನಕ್ಕೆ 30 ಲೀಟರ್ ನೀರು, ಅಂದರೆ ಎರಡು ಬಿಂದಿಗೆ. 526 ಕುದುರೆಗೆ 15,780 ಲೀಟರ್: ಮೂರು ಟ್ಯಾಂಕರ್ ಖಾಲಿಯಾಗಿ, ನಾಲ್ಕನೆಯದಕ್ಕೂ ಕೈ ಹಾಕಬೇಕು. ಹನ್ನೆರಡು ದಿನಕ್ಕೆ 38 ಟ್ಯಾಂಕರ್. ಮೇವು ತಲೆಗೆ 10 ಕಿಲೋ ಹಿಡಿದರೆ ದಿನಕ್ಕೆ 5 ಟನ್ ಮೀರಿತು. ಲದ್ದಿ 20 ಕಿಲೋ ಹಿಡಿದರೆ ದಿನಕ್ಕೆ 10 ಟನ್. ಅದನ್ನು ಎತ್ತಿ ಹಾಕುವುದೂ ಕೈಯಿಂದಲೇ.

ಕುದುರೆಯ ಪಾಡು ಇನ್ನೊಂದು ಬಗೆ. ಹಡಗಿನೊಳಗೆ ಮೈ ಹಿಡಿಸುವಷ್ಟೇ ಅಗಲದ ಮರದ ಗೂಡು, ಮಲಗಲು ಜಾಗವಿಲ್ಲ. ಅಲೆಗೆ ಹೊಟ್ಟೆ ತೊಳಸಿದರೆ ಮನುಷ್ಯ ಕಟಾಂಜನಕ್ಕೆ ಬಾಗಿ ವಾಂತಿ ಮಾಡಿ ಹಗುರಾಗುತ್ತಾನೆ. ಕುದುರೆಗೆ ಅದೂ ಆಗದು. ಅದರ ಗಂಟಲಿನ ಕಟ್ಟೇ ಹಾಗಿದೆ, ಒಳಗಿಳಿದದ್ದು ಮೇಲೆ ಬರುವುದಿಲ್ಲ.

ಇದೇ ದೊಡ್ಡದೆನಿಸಿದರೆ 1867-68ಕ್ಕೆ ಹೋಗಿ. ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ದೊರೆ ಟೆವೊಡ್ರೊಸ್ ಸೆರೆಯಲ್ಲಿಟ್ಟವರನ್ನು ಬಿಡಿಸಲು ಬ್ರಿಟಿಷ್ ಸೇನಾನಿ ರಾಬರ್ಟ್ ನೇಪಿಯರ್ ಒಯ್ದ ದಂಡಿನಲ್ಲಿ 13,000 ಸೈನಿಕರು, 26,000 ಪರಿವಾರದವರು, 40,000ಕ್ಕೂ ಮೀರಿದ ಪ್ರಾಣಿಗಳು. ಹಾಯಿಯವೂ ಉಗಿಯವೂ ಸೇರಿ 280ಕ್ಕೂ ಹೆಚ್ಚು ಹಡಗು. ಫಿರಂಗಿ ಹೊರಲು 44 ಆನೆ! ಪ್ರಾಣಿಗೆ ಸರಾಸರಿ 20 ಲೀಟರೆಂದರೂ ದಿನಕ್ಕೆ 8 ಲಕ್ಷ ಲೀಟರ್, 160 ಟ್ಯಾಂಕರ್. ಅವರು ಇಳಿದದ್ದೋ ಕೆಂಪು ಸಮುದ್ರದ ಒಣ ದಂಡೆ ಝೂಲಾದಲ್ಲಿ. ಅಲ್ಲಿ ಲಂಗರು ಹಾಕಿದ ಹಡಗುಗಳೇ ಕಲ್ಲಿದ್ದಲು ಉರಿಸಿ ಉಪ್ಪುನೀರನ್ನು ಕುದಿಸಿ, ಆವಿ ತಣಿಸಿ, ಸಿಹಿನೀರು ಕೊಟ್ಟವು. ದಂಡನ್ನು ಹೊತ್ತು ತಂದ ಉಗಿಯೇ ದಂಡಿನ ದಾಹವನ್ನೂ ತಣಿಸಿತು.

ಮೈಸೂರಿನ ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಗೆಲ್ಲುವುದರಲ್ಲಿ ಪಾಲುಗೊಂಡದ್ದು ಎಲ್ಲರಿಗೂ ಗೊತ್ತು. ಆ ದಾಳಿಯ ಹಿಂದಿನ ನೀರಿನ ಲೆಕ್ಕ ಗೊತ್ತಾಗಬೇಕಾದರೆ ಬೇಸಿಗೆಯಲ್ಲಿ ನಮ್ಮ ಕಡೆ ಬರಬೇಕು. ಟ್ಯಾಂಕರ್ ಹತ್ತಿರ ಯಾರಾದರೂ "ಮನೆಗೆ ಎರಡೇ ಬಿಂದಿಗೆ" ಎಂದು ಕೂಗಿದಾಗ ನನಗೆ ಲೆಕ್ಕ ತಟ್ಟನೆ ಹೊಳೆಯುತ್ತದೆ: ಅದು ಹಡಗಿನಲ್ಲಿ ನಿಂತಿದ್ದ ಒಂದು ಕುದುರೆಯ ಪಾಲು.